ಆಸ್ಪತ್ರೆಯ ಬಾಗಿಲಲ್ಲಿ ರಹದಾರಿ

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)

ಇಂದಿನ ಸಭೆಯಲ್ಲಿ ನಾವು ಬ್ರಿಟನ್ನಿನ ಆಸ್ಪತ್ರೆಗಳ ವಿಷಯ ಮಾತನಾಡಲಿದ್ದೇವೆಂದು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲೇ ಹಾಸಿಗೆ ಸಿಗದೆ ರೋಗಿಗಳು ಮೊಗಸಾಲೆಯಲ್ಲಿ ಮಲಗಿರುವಾಗ ಸಮುದ್ರದಾಚೆಯ ಊರಿನ ಚಿಂತೆ ನಮಗೇಕೆ ಎಂದು ಒಬ್ಬ ಗೆಳೆಯರು ಬಾಗಿಲಲ್ಲೇ ನಮ್ಮನ್ನು ತಡೆದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗುತ್ತೇವೆ.

ಮೊದಲನೆಯದಾಗಿ, ಆ ದೇಶಕ್ಕೆ ದುಡಿಯಲು, ಓದಲು ಹೋಗುತ್ತಿರುವವರು ನಮ್ಮ ಮಕ್ಕಳು. ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ಹೆಣ್ಣುಮಕ್ಕಳು ಅಲ್ಲಿನ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ಇದ್ದೊಂದು ನಿವೇಶನವನ್ನು ಬ್ಯಾಂಕಿಗೆ ಬರೆದುಕೊಟ್ಟು ಮಗನನ್ನು ಓದಲು ಕಳಿಸಿದ ಅಂಗಡಿಕಾರರು ನಮ್ಮ ನಡುವೆಯೂ ಇದ್ದಾರೆ. ಎರಡನೆಯದಾಗಿ, ಆ ದೇಶದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ತಳಹದಿ ಹಾಕಿದವರು ದೊರೆಗಳಲ್ಲ, ನಿಮ್ಮಂತಹ ಕೂಲಿಕಾರರು. ಮೂರನೆಯದಾಗಿ, ರೋಗಿಯ ನಾಡಿ ಹಿಡಿಯುವ ಮೊದಲು ಅವನ ಕಾಗದಪತ್ರ ನೋಡಬೇಕೇ ಎಂಬ ಪ್ರಶ್ನೆ ಇಂದು ಅಲ್ಲಿ ಎದ್ದಿದೆ. ಆ ಪ್ರಶ್ನೆ ನಮ್ಮ ಬಾಗಿಲಿಗೂ ಬಂದು ನಿಂತಿದೆ.

ವಿಷಯ ತಿಳಿಯಾಗಲೆಂದು ನಮ್ಮ ಗಿರಣಿಯಿಂದಲೇ ಆರಂಭಿಸೋಣ. ಇಲ್ಲಿ ಕುಳಿತಿರುವ ಕಾರ್ಮಿಕ ಬಂಧುಗಳಿಗೆ ಇ.ಎಸ್.ಐ. ಗೊತ್ತು. 1948ರಲ್ಲಿ ಆದ ಕಾಯಿದೆ ಅದು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲು ಜಾರಿಗೆ ಬಂತು. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕನಿಂದ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ. ಹಣ ಸಂಬಳದಲ್ಲೇ ಮುರಿದುಹೋಗುತ್ತದೆ. ಕಾಯಿಲೆ ಬಿದ್ದಾಗ ಚೀಟಿ ತೋರಿಸಿ ಔಷಧ ಪಡೆಯುತ್ತೀರಿ. ಈಗ ಹೀಗೆ ಊಹಿಸಿಕೊಳ್ಳಿ. ಪಕ್ಕದ ಜಿಲ್ಲೆಯಿಂದ ಬಂದು ಐದು ವರ್ಷದ ಕರಾರಿನ ಮೇಲೆ ಗಿರಣಿ ಸೇರುವ ಒಬ್ಬ ಕೂಲಿಕಾರನಿಗೆ ಗುಮಾಸ್ತ ಹೇಳುತ್ತಾನೆ: "ನಿನ್ನ ಸಂಬಳದಲ್ಲಿ ಎಲ್ಲರಂತೆ ವಂತಿಗೆ ಮುರಿಯುತ್ತೇವೆ, ಅದು ಸರಿ. ಆದರೆ ನೀನು ಹೊರಗಿನವನು. ಐದು ವರ್ಷದ ಇನ್ನೊಂದು ವಂತಿಗೆಯನ್ನು ಈಗಲೇ, ಒಂದೇ ಗಂಟಿನಲ್ಲಿ, ಕೆಲಸಕ್ಕೆ ಸೇರುವ ಮುಂಚೆಯೇ ಕಟ್ಟು. ಹೆಂಡತಿಯ ಲೆಕ್ಕ ಬೇರೆ, ಮಕ್ಕಳ ಲೆಕ್ಕ ಬೇರೆ." ಇದನ್ನು ಕೇಳಿ ನಮ್ಮ ಸಂಘ ಸುಮ್ಮನಿರುತ್ತಿತ್ತೇ? ಗೇಟಿನ ಮುಂದೆ ಅಂದೇ ಕೂರುತ್ತಿತ್ತು.

ಬ್ರಿಟನ್ನಿನಲ್ಲಿ ನಡೆಯುತ್ತಿರುವುದು ಇದೇ. ಅಲ್ಲಿ ಆರು ತಿಂಗಳಿಗೂ ಹೆಚ್ಚಿನ ತಾತ್ಕಾಲಿಕ ವೀಸಾ ಕೇಳುವವನು, ವೀಸಾದ ಶುಲ್ಕವಲ್ಲದೆ, ಆರೋಗ್ಯ ಸುಂಕವೆಂಬ ಇನ್ನೊಂದು ಹಣವನ್ನು ಮುಂಗಡವಾಗಿ ಕಟ್ಟಬೇಕು. 2014ರ ವಲಸೆ ಕಾಯಿದೆಯ ಆಧಾರದ ಮೇಲೆ 2015ರ ಏಪ್ರಿಲ್‌ನಲ್ಲಿ ಇದು ಆರಂಭವಾಯಿತು. ಆಗ ವರ್ಷಕ್ಕೆ ತಲೆಗೆ 200 ಪೌಂಡು. 2019ರ ಜನವರಿಯಲ್ಲಿ 400 ಆಯಿತು. 2020ರ ಅಕ್ಟೋಬರಿನಲ್ಲಿ 624. 2024ರ ಫೆಬ್ರವರಿಯಲ್ಲಿ 1,035. ವಿದ್ಯಾರ್ಥಿಗಳಿಗೂ ಹದಿನೆಂಟು ವರ್ಷ ತುಂಬದ ಮಕ್ಕಳಿಗೂ 776. ಒಂಬತ್ತು ವರ್ಷಗಳಲ್ಲಿ ಸುಂಕ ಐದು ಪಟ್ಟಿಗೂ ಮಿಕ್ಕಿ ಏರಿತು. ಔಷಧವೇನೂ ಐದು ಪಟ್ಟು ಸಿಗಲಿಲ್ಲ.

ವ್ಯಾಪಾರಿ ಬಂಧುಗಳು ಲೆಕ್ಕದಲ್ಲಿ ಗಟ್ಟಿಗರು. ಅವರೇ ಕೂಡಿ ನೋಡಲಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಐದು ವರ್ಷದ ವೀಸಾ. ದೊಡ್ಡವರಿಬ್ಬರಿಗೆ 10,350 ಪೌಂಡು. ಮಕ್ಕಳಿಬ್ಬರಿಗೆ 7,760. ಒಟ್ಟು 18,110. ಪೌಂಡಿಗೆ ನೂರು ರೂಪಾಯಿಯೆಂದು ಕಡಿಮೆ ಹಿಡಿದರೂ ಹದಿನೆಂಟು ಲಕ್ಷ ದಾಟಿತು. ಇಷ್ಟು ಹಣ ವಿಮಾನ ಹತ್ತುವ ಮುಂಚೆಯೇ ಎಣಿಸಿಕೊಡಬೇಕು. ನಡುವೆ ಕೆಲಸ ಹೋಗಿ ಎರಡನೆಯ ವರ್ಷವೇ ಊರಿಗೆ ಮರಳಿದರೆ ಉಳಿದ ವರ್ಷಗಳ ಹಣ ಹಿಂದಕ್ಕೆ ಬರುವುದಿಲ್ಲ. ಒಂದು ವರ್ಷದ ಎಂ.ಎಸ್ಸಿ. ಓದಲು ಹೋಗುವ ಹುಡುಗನಿಗೆ ಸಾಮಾನ್ಯವಾಗಿ ಹದಿನಾರು ತಿಂಗಳ ವೀಸಾ. ಅವನ ಸುಂಕ 1,164 ಪೌಂಡು. ಓದು ಮುಗಿಸಿ ಕೆಲಸ ಹುಡುಕಲು ಎರಡು ವರ್ಷ ನಿಂತರೆ ಮತ್ತೆ 2,070. ಇಲ್ಲಿ ಅಪ್ಪ ಅಡವಿಟ್ಟ ನಿವೇಶನದ ಬಡ್ಡಿ ಇದರ ಮೇಲೂ ಬೆಳೆಯುತ್ತದೆ.

ಇನ್ನೊಂದು ಕಡೆಯ ಮಾತನ್ನೂ ನಾವು ಮುಚ್ಚಿಡುವುದಿಲ್ಲ. ಸುಂಕ ಕಟ್ಟಿದವನಿಗೆ ಅಲ್ಲಿನ ಆಸ್ಪತ್ರೆ ಬಹುಮಟ್ಟಿಗೆ ಅಲ್ಲಿನ ನಿವಾಸಿಗೆ ತೆರೆದಂತೆಯೇ ತೆರೆಯುತ್ತದೆ. ಅಪಘಾತ ಮತ್ತು ತುರ್ತು ವಿಭಾಗದ ಚಿಕಿತ್ಸೆ ಎಲ್ಲರಿಗೂ ಉಚಿತ. ಕ್ಷಯದಂತಹ ಅಂಟುರೋಗಗಳಿಗೂ ಯಾರಿಂದಲೂ ಹಣ ಕೇಳುವುದಿಲ್ಲ. ಇದನ್ನು ಮೆಚ್ಚಬೇಕು. ಆದರೆ ಮಗಳ ಬಾಣಂತನಕ್ಕೆಂದು ಇಲ್ಲಿಂದ ಹೋದ ತಾಯಿಯನ್ನು ನೆನೆಯಿರಿ. ಆಕೆಯದು ಆರು ತಿಂಗಳ ಸಂದರ್ಶಕ ವೀಸಾ; ಸುಂಕ ಕಟ್ಟುವ ಅವಕಾಶವೂ ಇಲ್ಲ. ಹಿಮದಲ್ಲಿ ಜಾರಿ ಬಿದ್ದು ಸೊಂಟ ಮುರಿದರೆ ತುರ್ತು ವಿಭಾಗದವರೆಗೆ ಉಚಿತ. ವಾರ್ಡಿಗೆ ಸೇರಿಸಿದ ಗಳಿಗೆಯಿಂದ ಲೆಕ್ಕ ಆರಂಭ. ಅದೂ ನಿಗದಿಯಾದ ದರದ ಒಂದೂವರೆ ಪಟ್ಟು. ವೀಸಾದ ಅವಧಿ ಮೀರಿದವರಿಗೂ ಇದೇ ದರ. ಐನೂರು ಪೌಂಡು ಸಾಲ ಉಳಿಸಿಕೊಂಡರೆ ಮುಂದಿನ ವೀಸಾಕ್ಕೇ ಸಂಚಕಾರ ಬರಬಹುದು. ರೋಗಿಯ ಸಾಲವು ಅವನ ಅಪರಾಧವೆಂಬಂತೆ ಕಡತ ಸೇರುತ್ತದೆ.

ಈ ವ್ಯವಸ್ಥೆ ಮೊದಲಿನಿಂದಲೂ ಹೀಗಿತ್ತೇ? ಇರಲಿಲ್ಲ. ಅದರ ಚರಿತ್ರೆಯನ್ನು ನಾವು ತಿಳಿಯಬೇಕು, ಏಕೆಂದರೆ ಅದು ಶ್ರಮಜೀವಿಗಳ ಚರಿತ್ರೆ.

ವೇಲ್ಸ್ ನಾಡಿನಲ್ಲಿ ಟ್ರೆಡೀಗರ್ ಎಂಬುದೊಂದು ಕಲ್ಲಿದ್ದಲು ಗಣಿಯ, ಕಬ್ಬಿಣದ ಕೆಲಸದ ಊರು. ಅಲ್ಲಿನ ಕೆಲಸಗಾರರು 1890ರಲ್ಲಿ ತಮ್ಮದೇ ವೈದ್ಯ ಸಹಾಯ ಸಂಘವೊಂದನ್ನು ಕಟ್ಟಿಕೊಂಡರು. ಕೂಲಿಯ ಒಂದು ಪೌಂಡಿಗೆ ಮೂರು ಪೆನ್ನಿಯ ವಂತಿಗೆ. ಹಳೆಯ ಲೆಕ್ಕದಲ್ಲಿ ಪೌಂಡಿಗೆ 240 ಪೆನ್ನಿ. ಅಂದರೆ ನೂರಕ್ಕೆ ಒಂದೂಕಾಲು. ಆ ಹಣದಿಂದ ಅವರು ವೈದ್ಯರನ್ನು ನೇಮಿಸಿದರು, ಊರಿನ ಬಹುಪಾಲು ಜನಕ್ಕೆ ಔಷಧ ಒದಗಿಸಿದರು. ಅದೇ ಊರಿನಲ್ಲಿ 1897ರಲ್ಲಿ ಗಣಿ ಕೆಲಸಗಾರನೊಬ್ಬನ ಮಗನಾಗಿ ಹುಟ್ಟಿ, ಹದಿಮೂರನೆಯ ವಯಸ್ಸಿಗೆ ತಾನೂ ಗಣಿಗಿಳಿದ ಹುಡುಗ ಅನ್ಯೂರಿನ್ ಬೆವನ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರ್ಮಿಕ ಪಕ್ಷದ ಸರ್ಕಾರದಲ್ಲಿ ಆರೋಗ್ಯ ಮಂತ್ರಿಯಾದ ಬೆವನ್, ತಮ್ಮ ಊರಿನ ಆ ಏರ್ಪಾಟನ್ನು ದೇಶಕ್ಕೆಲ್ಲ ಹರಡಿದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಖರ್ಚು ಮುಖ್ಯವಾಗಿ ಸಾಮಾನ್ಯ ತೆರಿಗೆಯಿಂದ. ಬಾಗಿಲಲ್ಲಿ ಹಣ ಕೇಳುವ ಪೆಟ್ಟಿಗೆ ಇಲ್ಲ.

ಹೊರದೇಶದವರು ಬಂದು ಪುಕ್ಕಟೆ ಔಷಧ ತಿಂದುಹೋಗುತ್ತಾರೆಂಬ ಕೂಗು ಅಂದೇ ಎದ್ದಿತ್ತು. 1952ರಲ್ಲಿ ಬರೆದ ಪುಸ್ತಕದಲ್ಲಿ ಬೆವನ್ ಅದಕ್ಕೆ ಉತ್ತರ ಕೊಟ್ಟರು. ಅವರ ವಾದದ ತಿರುಳು ಇಷ್ಟು: ಹೊರಗಿನವನು ಯಾರು, ಒಳಗಿನವನು ಯಾರು ಎಂದು ಆಸ್ಪತ್ರೆಯ ಬಾಗಿಲಲ್ಲಿ ವಿಂಗಡಿಸಬೇಕಾದರೆ ಪ್ರತಿಯೊಬ್ಬನ ಕಾಗದವನ್ನೂ ನೋಡಬೇಕು. ಆಗ ಪರದೇಶಿಯನ್ನು ತಡೆಯಲು ಹೊರಟ ಕೆಲಸ ಸ್ವದೇಶಿಗಳೆಲ್ಲರಿಗೂ ಕಾಟವಾಗಿ ಮುಗಿಯುತ್ತದೆ. ಬರಿಯ ಮಾತಿನ ಮನುಷ್ಯರಲ್ಲ ಅವರು. ಕನ್ನಡಕಕ್ಕೂ ಕಟ್ಟಿಸಿದ ಹಲ್ಲಿಗೂ ಬೆಲೆ ಕಟ್ಟಲು ತಮ್ಮದೇ ಪಕ್ಷದ ಸರ್ಕಾರ ಹೊರಟಾಗ 1951ರ ಏಪ್ರಿಲ್‌ನಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಹೊರದೇಶದವರಿಂದ ಹಣ ಕೇಳುವ ಅಧಿಕಾರವನ್ನು ಸರ್ಕಾರ 1949ರಲ್ಲೇ ಕಾಯಿದೆಯಲ್ಲಿ ಇಟ್ಟುಕೊಂಡಿತ್ತು. ಆದರೂ ಅದನ್ನು ಕೈಗೆತ್ತಿಕೊಂಡದ್ದು 1982ರಲ್ಲಿ.

ಬೆವನ್ನರ ಎಚ್ಚರಿಕೆ ನಿಜವಾಯಿತೇ? ಆಯಿತು. 1948ರ ಜೂನ್ 22ರಂದು, ಆರೋಗ್ಯ ಸೇವೆ ಆರಂಭವಾಗುವುದಕ್ಕೆ ಎರಡು ವಾರ ಮುಂಚೆ, ವಿಂಡ್‌ರಷ್ ಎಂಬ ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳ ನೂರಾರು ಜನ ಬ್ರಿಟನ್ನಿಗೆ ಬಂದಿಳಿದರು. ಯುದ್ಧದಿಂದ ಕುಸಿದಿದ್ದ ದೇಶಕ್ಕೆ ದುಡಿಯುವ ಕೈ ಬೇಕಿತ್ತು. ಅವರ ಹಿಂದೆ ಇನ್ನೂ ಸಾವಿರಾರು ಜನ ಬಂದರು; ಬಸ್ಸು ಓಡಿಸಿದರು, ವಾರ್ಡು ಗುಡಿಸಿದರು, ರೋಗಿಗಳ ಸೇವೆ ಮಾಡಿದರು. ಅವರು ಕಾನೂನಿನಂತೆ ಬಂದವರು. ಆದರೆ ಅಂದು ಯಾರೂ ಅವರಿಗೆ ಕಾಗದ ಕೊಟ್ಟಿರಲಿಲ್ಲ. ವಲಸೆಗಾರರ ಕಾಗದ ನೋಡುವ ಹೊಸ ಕಾಯಿದೆಗಳು ಬಂದಮೇಲೆ ಏನಾಯಿತು? ಹುಡುಗನಾಗಿದ್ದಾಗ ಜಮೈಕಾದಿಂದ ಬಂದು, ನಲವತ್ತನಾಲ್ಕು ವರ್ಷ ಲಂಡನ್ನಿನಲ್ಲಿ ಬಾಳಿ, ಮೆಕ್ಯಾನಿಕ್ ಆಗಿ ದುಡಿದು ತೆರಿಗೆ ಕಟ್ಟಿದ ಒಬ್ಬ ಮನುಷ್ಯನಿಗೆ ಕ್ಯಾನ್ಸರ್ ಬಂದಿತು. ಕಾಗದ ತೋರಿಸು, ಇಲ್ಲವೇ 54,000 ಪೌಂಡು ಕಟ್ಟು ಎಂದು ಆಸ್ಪತ್ರೆಯಲ್ಲಿ ಹೇಳಿದರು. 2018ರಲ್ಲಿ ಈ ಸಂಗತಿ ಬಯಲಾದಾಗ ದೇಶವೇ ತಲೆ ತಗ್ಗಿಸಿತು. ಪ್ರಧಾನಮಂತ್ರಿ ಥೆರೆಸಾ ಮೇ ಕ್ಷಮೆ ಕೇಳಿದರು, ಗೃಹಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಪರದೇಶಿಗೆಂದು ಬೀಸಿದ ಬಲೆಗೆ ಮನೆಯವನೇ ಬಿದ್ದನು. ಕಾಗದ ಕೇಳುವ ಬಾಗಿಲಲ್ಲಿ ಮೊದಲು ಸಿಕ್ಕಿಬೀಳುವವನು ಎಲ್ಲೆಲ್ಲಿಯೂ ಬಡವನೇ. ಏಕೆಂದರೆ ಬಡವನ ಮನೆಯಲ್ಲಿ ಕಾಗದವಿಡುವ ಕಬ್ಬಿಣದ ಪೆಟ್ಟಿಗೆ ಇರುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆ ಇದೆ. ಅವರ ಹಣ, ಅವರ ಆಸ್ಪತ್ರೆ. ಹೋದವರು ಕೊಡಲಿ ಎನ್ನುವವರು ನಮ್ಮಲ್ಲೂ ಉಂಟು. ಆದರೆ ತಾತ್ಕಾಲಿಕ ವೀಸಾದ ಮೇಲೆ ಹೋದ ಕೆಲಸಗಾರ ಬಿಟ್ಟಿ ಊಟಕ್ಕೆ ಹೋದವನಲ್ಲ. ಮೊದಲ ತಿಂಗಳ ಸಂಬಳದಿಂದಲೇ ಅವನ ಆದಾಯ ತೆರಿಗೆಯೂ ರಾಷ್ಟ್ರೀಯ ವಿಮೆಯ ವಂತಿಗೆಯೂ ಅಲ್ಲಿನವರಂತೆಯೇ ಮುರಿದುಹೋಗುತ್ತವೆ. ಅಂಗಡಿಯಲ್ಲಿ ಕೊಂಡ ಸರಕಿನ ಮೇಲೆ ಮಾರಾಟ ತೆರಿಗೆಯನ್ನೂ ಕೊಡುತ್ತಾನೆ. ಆ ತೆರಿಗೆಗಳಿಂದಲೇ ಆಸ್ಪತ್ರೆ ನಡೆಯುವುದು. ಆರೋಗ್ಯ ಸುಂಕ ಇದರ ಮೇಲಿನ ಎರಡನೆಯ ವಸೂಲಿ. ಅಲ್ಲದೆ ಹೋಗುವವರು ಹೆಚ್ಚಾಗಿ ಗಟ್ಟಿಮುಟ್ಟಾದ ಪ್ರಾಯದವರು. ಭಾರತದಿಂದ ಆರು ತಿಂಗಳಿಗೂ ಹೆಚ್ಚು ಕಾಲಕ್ಕೆ ಹೋಗುವವರಿಗೆ ಕ್ಷಯರೋಗ ಇಲ್ಲವೆಂದು ಮೊದಲೇ ಪರೀಕ್ಷೆ ಆಗಬೇಕು. ಅವರನ್ನು ಹೆತ್ತು, ಸಾಕಿ, ಶಾಲೆಗೆ ಕಳಿಸಿ, ಚುಚ್ಚುಮದ್ದು ಹಾಕಿಸಿದ ಖರ್ಚು ಯಾರದು? ನಮ್ಮ ನಾಡಿನ ರೈತನದು, ಕೂಲಿಕಾರನದು. ಬೆಳೆದು ನಿಂತ ಎತ್ತನ್ನು ಬಿಟ್ಟಿಯಾಗಿ ಪಡೆದವನು ಅದರ ಮೇವಿಗೆ ಎರಡು ಸಲ ಬೆಲೆ ಕೇಳಿದರೆ ಅದನ್ನು ಯಾವ ಸಂತೆಯಲ್ಲೂ ನ್ಯಾಯವೆನ್ನುವುದಿಲ್ಲ.

ಅಲ್ಲಿನ ಆಸ್ಪತ್ರೆಗಳಲ್ಲಿ ಸರದಿ ಬೆಳೆದಿರುವುದು ನಿಜ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಾಗಿ ಕಾಯುವ ಪಟ್ಟಿ 2023ರಲ್ಲಿ 75 ಲಕ್ಷ ದಾಟಿತು. ಅಲ್ಲಿನ ಬಡ ರೋಗಿಗೆ ಸಿಟ್ಟು ಬರುವುದೂ ಸಹಜ. ಆದರೆ ಸಿಟ್ಟು ಯಾರ ಮೇಲೆ? 2010ರಿಂದ ವರ್ಷಗಟ್ಟಲೆ ಮಿತವ್ಯಯದ ಹೆಸರಿನಲ್ಲಿ ಆಸ್ಪತ್ರೆಗಳ ಕೈ ಕಟ್ಟಿದವರ ಮೇಲೆ ಬರಬೇಕಾದ ಸಿಟ್ಟು, ರಾತ್ರಿ ಪಾಳಿಯಲ್ಲಿ ಅದೇ ರೋಗಿಯ ಹಾಸಿಗೆ ಬದಲಿಸುವ ಪರದೇಶದ ಹೆಣ್ಣುಮಗಳ ಮೇಲೆ ತಿರುಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. 2023ರ ಜುಲೈಯಲ್ಲಿ ಅಲ್ಲಿನ ಸರ್ಕಾರ ವೈದ್ಯರೇ ಮುಂತಾದ ಸರ್ಕಾರಿ ನೌಕರರ ಸಂಬಳ ಏರಿಸಲು ಒಪ್ಪಿದಾಗ, ಅದಕ್ಕೆ ಹಣ ಹೊಂದಿಸುವ ದಾರಿಗಳಲ್ಲಿ ಒಂದಾಗಿ ವೀಸಾ ಶುಲ್ಕವನ್ನೂ ಈ ಸುಂಕವನ್ನೂ ಏರಿಸುವುದಾಗಿ ಬಾಯಿಬಿಟ್ಟೇ ಹೇಳಿತು. ಒಬ್ಬ ದುಡಿಯುವವನ ಹಕ್ಕಿನ ಕೂಲಿಯನ್ನು ಇನ್ನೊಬ್ಬ ದುಡಿಯುವವನ ಜೇಬಿನಿಂದ ಕೊಡಿಸಿದರೆ, ಕಾದಾಡುವವರು ಅವರಿಬ್ಬರು; ದೊಡ್ಡ ಆಸ್ತಿವಂತನ ಮೇಲಿನ ತೆರಿಗೆಯ ಮಾತು ಅಲ್ಲಿಗೆ ಮರೆತುಹೋಗುತ್ತದೆ. ಈ ಆಟವನ್ನು ನಮ್ಮ ಗಿರಣಿ ಮಾಲೀಕರೂ ಬಲ್ಲರು. ಕಾಯಂ ಕೆಲಸಗಾರನನ್ನೂ ಬದಲಿ ಕೆಲಸಗಾರನನ್ನೂ ಎದುರುಬದುರು ನಿಲ್ಲಿಸುವುದು ನಮಗೇನು ಹೊಸದೇ?

ಹೋರಾಡಿದರೆ ಫಲವುಂಟು ಎಂಬುದಕ್ಕೂ ಸಾಕ್ಷಿ ಅದೇ ದೇಶದಲ್ಲಿದೆ. 2020ರ ಏಪ್ರಿಲ್‌ನಲ್ಲಿ ಅಂದಿನ ಪ್ರಧಾನಮಂತ್ರಿ ಬೋರಿಸ್ ಜಾನ್ಸನ್ ಕೋವಿಡ್ ತಗುಲಿ ಆಸ್ಪತ್ರೆ ಸೇರಿದರು. ಗುಣವಾಗಿ ಹೊರಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ನಿಂತು ನೋಡಿಕೊಂಡ ಇಬ್ಬರು ದಾದಿಯರನ್ನು ಕೊಂಡಾಡಿದರು. ಒಬ್ಬರು ನ್ಯೂಜಿಲೆಂಡಿನವರು, ಒಬ್ಬರು ಪೋರ್ಚುಗಲ್ಲಿನವರು. ಮುಂದಿನ ತಿಂಗಳು, ಮೇ 20ರಂದು, ಪಾರ್ಲಿಮೆಂಟಿನಲ್ಲಿ ಅದೇ ಜಾನ್ಸನ್ನರು ಪರದೇಶದ ದಾದಿಯರಿಂದಲೂ ಸುಂಕ ತೆಗೆದುಕೊಳ್ಳುವುದನ್ನು ಸಮರ್ಥಿಸಿದರು. ಕಾರ್ಮಿಕ ಸಂಘಗಳೂ ವೈದ್ಯರ ಸಂಘಗಳೂ ವಿರೋಧ ಪಕ್ಷವೂ ಎತ್ತಿದ ದನಿಗೆ ಮರುದಿನವೇ ಸರ್ಕಾರ ಮಣಿಯಿತು. ಅಂದಿನಿಂದ ಆರೋಗ್ಯ ಸೇವೆಯ ವೀಸಾದ ಮೇಲೆ ಹೋಗುವ ದಾದಿಯರಿಗೆ ಸುಂಕವಿಲ್ಲ. ಒಂದೇ ದಿನದಲ್ಲಿ ಕೈಬಿಡಲು ಬಂದ ಸುಂಕವನ್ನು ಅಡುಗೆಯವನಿಗೆ, ಯಂತ್ರ ನಡೆಸುವವನಿಗೆ, ಓದುವ ಹುಡುಗನಿಗೆ ಏಕೆ ಬಿಡಲಾಗದು? ಸ್ಪೇನ್ ದೇಶವೂ 2012ರಲ್ಲಿ ಕಾಗದವಿಲ್ಲದ ವಲಸೆಗಾರರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿ, 2018ರಲ್ಲಿ ಕಾನೂನು ಬದಲಿಸಿ ಮತ್ತೆ ತೆರೆಯಿತು. ಮಾಡಿದ ತಪ್ಪನ್ನು ತಿದ್ದಿಕೊಳ್ಳಬಹುದು, ತಿದ್ದಿಸುವವರು ಬೇಕು.

ನಮ್ಮ ಕೇಂದ್ರ ಸರ್ಕಾರ ಏನು ಮಾಡಿತು? 2025ರ ಜುಲೈಯಲ್ಲಿ ಭಾರತಕ್ಕೂ ಬ್ರಿಟನ್ನಿಗೂ ವ್ಯಾಪಾರ ಒಪ್ಪಂದವಾಯಿತು. ಅದರ ಜೊತೆಯಲ್ಲಿ, ಇಲ್ಲಿನ ಕಂಪನಿಗಳು ತಾತ್ಕಾಲಿಕವಾಗಿ ಅಲ್ಲಿಗೆ ಕಳಿಸುವ ನೌಕರರ ವಿಷಯದಲ್ಲಿ, ಮೂರು ವರ್ಷದವರೆಗೆ ಎರಡೂ ದೇಶಗಳಲ್ಲಿ ವಿಮೆ ವಂತಿಗೆ ಕಟ್ಟದಂತೆ ಮಾಡುವ ಮಾತೂ ಒಪ್ಪಿತವಾಯಿತು. ಒಳ್ಳೆಯದೇ. ಆದರೆ ಆರೋಗ್ಯ ಸುಂಕ ಕದಲಲಿಲ್ಲ. ವಿಸ್ಕಿಯ ಸುಂಕ, ಮೋಟಾರಿನ ಸುಂಕಗಳ ಮೇಲೆ ವರ್ಷಗಟ್ಟಲೆ ಚೌಕಾಸಿ ಮಾಡಿದ ದೆಹಲಿಯವರು, ಮನುಷ್ಯನ ಮೈಗೆ ಹಾಕಿದ ಸುಂಕವನ್ನು ಇಳಿಸಲಾರದೆ ಬಂದರು.

ಬಂಧುಗಳೇ, ಪರರ ಮನೆಯ ದೋಷ ಹೇಳಿದ್ದಾಯಿತು. ನಮ್ಮ ಅಂಗಳ ಗುಡಿಸದೆ ಈ ಮಾತು ಮುಗಿಸುವ ಹಕ್ಕು ನಮಗಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಗುಳೆ ಹೋದವರು ಗೋವಾದ ರಸ್ತೆ, ಕಟ್ಟಡ, ಬಂದರುಗಳಲ್ಲಿ ದುಡಿಯುತ್ತಾರೆ. 2018ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕತೊಡಗಿತು. ಒಂದೇ ದೇಶ, ಒಂದೇ ಬಾವುಟ. ವೀಸಾ ಇಲ್ಲದೆಯೇ ನಮ್ಮವರು ಪರದೇಶಿಗಳಾದರು. ಆಗ ನಮಗೆ ನೋವಾಯಿತು. ಹಾಗಾದರೆ ಬೆಂಗಳೂರಿನ ಮಹಡಿಗಳನ್ನು ಕಟ್ಟುವ ಬಿಹಾರದ, ಒಡಿಶಾದ ಕೂಲಿಕಾರ ಗಾರೆಯ ಮೇಲಿಂದ ಬಿದ್ದು ನಮ್ಮ ಆಸ್ಪತ್ರೆಗೆ ಬಂದಾಗ, "ಇಲ್ಲಿನ ರೇಷನ್ ಕಾರ್ಡ್ ಇದೆಯೇ?" ಎಂದು ಕೇಳುವ ಗುಮಾಸ್ತನಿಗೂ ಲಂಡನ್ನಿನ ಗುಮಾಸ್ತನಿಗೂ ಏನು ವ್ಯತ್ಯಾಸ? ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನಿಸಿಕೊಳ್ಳುವುದು ಬೇಡ. ಅಲ್ಲಿ ಕೇಳುವ ನ್ಯಾಯವನ್ನು ನಾವು ಇಲ್ಲಿ ಕೊಡಬೇಕು.

ಆದುದರಿಂದ ಈ ಸಭೆಯ ಮುಂದೆ ನಾವು ಇಡುವ ಮಾತು ಮೂರು. ಒಂದು: ದುಡಿದು ತೆರಿಗೆ ಕಟ್ಟುವವನಿಂದ ಔಷಧಕ್ಕೆಂದು ಎರಡನೆಯ ಸಲ ವಸೂಲು ಮಾಡುವ ಆರೋಗ್ಯ ಸುಂಕವನ್ನು ತೆಗೆಸುವಂತೆ ಭಾರತ ಸರ್ಕಾರ ಬ್ರಿಟನ್ನಿನ ಮೇಲೆ ಒತ್ತಾಯ ತರಬೇಕು, ಅದಾಗುವವರೆಗೆ ಆ ಹಣವನ್ನು ಒಂದೇ ಗಂಟಿನಲ್ಲಿ ಕೇಳದೆ ವರ್ಷ ವರ್ಷಕ್ಕೆ ಪಡೆಯುವಂತೆ, ಮಧ್ಯದಲ್ಲಿ ಮರಳಿದವರಿಗೆ ಉಳಿದ ಹಣ ಕೊಡುವಂತೆ ಕೇಳಬೇಕು. ಎರಡು: ಬ್ರಿಟನ್ನಿನಲ್ಲಿ ಈ ಸುಂಕದ ವಿರುದ್ಧ ದನಿಯೆತ್ತಿದ ಕಾರ್ಮಿಕ ಸಂಘಗಳಿಗೆ ಈ ಊರಿನ ಗಿರಣಿ ಕಾರ್ಮಿಕರ ಹೆಸರಿನಲ್ಲಿ ಬೆಂಬಲದ ಪತ್ರ ಹೋಗಬೇಕು. ಮೂರು: ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವ ರಾಜ್ಯದ ಕೂಲಿಕಾರನೇ ಆಗಲಿ, ಚೀಟಿ ಬರೆಯುವಾಗ ಹೆಸರು ಮತ್ತು ಕಾಯಿಲೆ ಬಿಟ್ಟು ಬೇರೇನನ್ನೂ ಷರತ್ತಾಗಿ ಕೇಳಬಾರದೆಂದು ನಾವು ಜಿಲ್ಲಾಡಳಿತಕ್ಕೆ ಮನವಿ ಕೊಡಬೇಕು.

ಈ ಮೂರನೆಯದು ನಮ್ಮ ಕೈಯಲ್ಲೇ ಇರುವ ಕೆಲಸ. ಟ್ರೆಡೀಗರಿನ ಗಣಿ ಕೆಲಸಗಾರರು ಪೌಂಡಿಗೆ ಮೂರು ಪೆನ್ನಿ ಕೂಡಿಸುವಾಗ ದೇಶಕ್ಕೊಂದು ದಾರಿ ಮಾಡುತ್ತಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ. ಪಕ್ಕದ ಮನೆಯವನು ಔಷಧವಿಲ್ಲದೆ ಸಾಯಬಾರದೆಂಬುದಷ್ಟೇ ಅವರಿಗೆ ತಿಳಿದಿತ್ತು. ಅಷ್ಟು ತಿಳಿದರೆ ನಮಗೂ ಸಾಕು. ಮನವಿಯ ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೋಗುವಾಗ ರುಜು ಹಾಕಿ ಹೋಗಿರಿ. ರುಜು ಬಾರದವರು ಹೆಬ್ಬೆಟ್ಟು ಒತ್ತಿರಿ. ಎರಡಕ್ಕೂ ಬೆಲೆ ಒಂದೇ.